ಬಳ್ಳಿಗಾವೆಯ ರೂವಾರಿಗಳು ಮತ್ತು ಅವರ ಬಳಗ: ಛಾಯಾಚಿತ್ರಣದ ಚರಿತ್ರೆ

ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ ಶಿರಾಳಕೊಪ್ಪದ ಸಮೀಪವಿರುವ ಬಳ್ಳಿಗಾವೆಯು 11 ಮತ್ತು 12ನೆಯ ಶತಮಾನಗಳಲ್ಲಿ ಬನವಾಸಿ ಹನ್ನೆರಡು ಸಾವಿರ ನಾಡಿನ ರಾಜಧಾನಿಯಾಗಿ, ಕಲ್ಯಾಣದ ಚಾಲುಕ್ಯರ ಮತ್ತು ಆಮೇಲೆ ಕಳಚುರಿಗಳ ಆಳ್ವಿಕೆಯಲ್ಲಿ ವಿದ್ಯೆ, ಶಿಲ್ಪ ಮತ್ತು ಧರ್ಮಚಿಂತನೆಯ ದೊಡ್ಡ ನೆಲೆಯಾಗಿತ್ತು. ಶಾಸನಗಳಲ್ಲಿ ಬಳ್ಳಿಗ್ರಾಮ, ಬಳಿಪುರ ಎಂಬ ರೂಪಗಳಲ್ಲೂ ಬರುವ ಈ ಊರು ಬೇಲೂರಿನ ಮದನಿಕೆಗಳನ್ನು, ಎಂದರೆ ಸೂರಿನಡಿಯ ಸ್ತ್ರೀವಿಗ್ರಹಗಳನ್ನು, ಕಡೆದ ದಾಸೋಜ ಮತ್ತು ಅವನ ಮಗ ಚಾವಣರ ಊರು. 12ನೆಯ ಶತಮಾನದ ವಚನಕಾರ ಅಲ್ಲಮಪ್ರಭುವಿನ ಊರೂ ಹೌದು. 19ನೆಯ ಶತಮಾನದ ನಡುವಿನಿಂದ ಇಲ್ಲಿನ ಗುಡಿಗಳು, ಕಂಬಗಳು ಮತ್ತು ಶಾಸನಗಳು ಕ್ಯಾಮೆರಾದ ಮೂಲಕ ದಾಖಲಾಗತೊಡಗಿದವು. ಕಲಾವಿದ ಬದುಕಿ ಕೆಲಸ ಮಾಡಿದ ತಾಣವನ್ನು, ಅವನ ಸುತ್ತ ನೆರೆದಿದ್ದ, ರೂಢಿಯ ಬದುಕನ್ನು ಪ್ರಶ್ನಿಸಿದ ಬಳಗವನ್ನು ಚಿತ್ರದಲ್ಲಿ ಹಿಡಿಯುವ ಪ್ರಯತ್ನ ಕರ್ನಾಟಕದಲ್ಲಿ ಎಷ್ಟು ದೂರ ಹೋಗಬಲ್ಲದು, ಎಲ್ಲಿ ನಿಲ್ಲುತ್ತದೆ ಎಂಬುದನ್ನು ತಿಳಿಯಲು ಬಳ್ಳಿಗಾವೆ ಮತ್ತು ನೆರೆಯ ಸೊರಬ ಸೀಮೆ ಒಳ್ಳೆಯ ನಿದರ್ಶನಗಳು.

ಕಲಾವಿದನ ಕಾರ್ಯಾಗಾರವನ್ನೇ ವಸ್ತುವಾಗಿಸಿಕೊಂಡ ಛಾಯಾಚಿತ್ರಣವು 20ನೆಯ ಶತಮಾನದ ಪಶ್ಚಿಮದಲ್ಲಿ ಒಂದು ಪ್ರತ್ಯೇಕ ಪ್ರಕಾರವಾಗಿ ಬೆಳೆಯಿತು. ಬ್ರಸ್ಸಾಯ್ 1932ರಲ್ಲಿ ಪಿಕಾಸೋನ ಶಿಲ್ಪಶಾಲೆಯ ಚಿತ್ರಗಳನ್ನು ತೆಗೆದನು. ಹಾನ್ಸ್ ನಾಮುತ್ 1950ರಲ್ಲಿ ಜಾಕ್ಸನ್ ಪೊಲಾಕ್ ನೆಲದ ಮೇಲೆ ಹರಡಿದ ಕ್ಯಾನ್ವಾಸಿಗೆ ಬಣ್ಣ ಚಿಮುಕಿಸುವ ಕ್ಷಣಗಳನ್ನು ಹಿಡಿದನು. ಇವುಗಳಲ್ಲೆಲ್ಲ ಹೆಚ್ಚು ಪ್ರಸಿದ್ಧವಾದದ್ದು ನ್ಯೂಯಾರ್ಕಿನಲ್ಲಿ ಆಂಡಿ ವಾರ್ಹೋಲ್ ನಡೆಸುತ್ತಿದ್ದ, 'ಫ್ಯಾಕ್ಟರಿ' ಎಂದು ಹೆಸರಾದ ಕಾರ್ಯಾಗಾರದ ದಾಖಲೆ. 1964ರಲ್ಲಿ ಅದರ ಗೋಡೆಗಳಿಗೆಲ್ಲ ಬೆಳ್ಳಿಯ ಬಣ್ಣ ಬಳಿದು ತಗಡಿನ ಹಾಳೆ ಹೊದಿಸಿದ ಬಿಲ್ಲಿ ನೇಮ್‌ನೇ ವಾರ್ಹೋಲ್ ಕೈಗಿತ್ತ ಕ್ಯಾಮೆರಾದಿಂದ ಅಲ್ಲಿಗೆ ಬಂದುಹೋಗುವ ಕವಿಗಳು, ಗಾಯಕರು, ನಟನಟಿಯರು, ಮನೆಬಿಟ್ಟು ಬಂದ ಹುಡುಗರು ಮುಂತಾದವರನ್ನು ವರ್ಷಗಟ್ಟಲೆ ಚಿತ್ರಿಸಿದನು. 1965ರಿಂದ 1967ರವರೆಗೆ ಹದಿಹರೆಯದ ಸ್ಟೀಫನ್ ಶೋರ್ ಕೂಡ ಅದೇ ಕೆಲಸ ಮಾಡಿದನು. ಸಮಾಜ ಒಪ್ಪಿದ ಬದುಕಿನ ಕ್ರಮಕ್ಕೆ ಎದುರಾಗಿ ತಮ್ಮದೇ ಕ್ರಮವನ್ನು ಕಟ್ಟಿಕೊಳ್ಳುವ ಇಂಥ ಬಳಗಗಳ ನಡವಳಿಕೆಯನ್ನು ಪ್ರತಿಸಂಸ್ಕೃತಿ ಎನ್ನುತ್ತಾರೆ. ಫ್ಯಾಕ್ಟರಿಯಲ್ಲಿ ಕ್ಯಾಮೆರಾ ಬಳಗದ ಒಳಗೇ ಇತ್ತು. ಬಳ್ಳಿಗಾವೆಯಲ್ಲಾದರೋ ಕ್ಯಾಮೆರಾ ಬಂದದ್ದು ಬಳಗ ಚೆದುರಿ ಸುಮಾರು ಏಳುನೂರು ವರ್ಷಗಳಾದ ಮೇಲೆ. ಆದ್ದರಿಂದ ಇಲ್ಲಿ ಮುಖಗಳ ಜಾಗದಲ್ಲಿ ಅಕ್ಷರಗಳನ್ನೂ ಕೈಗಳ ಜಾಗದಲ್ಲಿ ಕೈಗೆಲಸವನ್ನೂ ಓದಬೇಕಾಗುತ್ತದೆ.

ಮಧ್ಯಕಾಲದ ಕನ್ನಡದಲ್ಲಿ ಶಿಲ್ಪಿಗೆ 'ರೂವಾರಿ' ಎಂಬ ಮಾತಿತ್ತು. ರೂಪವನ್ನು ಮಾಡುವವನು ಎಂಬುದು ಅದರ ಅರ್ಥ. ದಾಸೋಜ, ಮಲ್ಲೋಜ, ನಾಗೋಜ ಮುಂತಾದ ಹೆಸರುಗಳ ಕೊನೆಯಲ್ಲಿ ಬರುವ 'ಓಜ' ಎಂಬುದು ಉಪಾಧ್ಯಾಯ ಶಬ್ದದಿಂದ ಇಳಿದುಬಂದದ್ದು, ಎಂದರೆ ಕಲಿಸಬಲ್ಲ ಗುರು. ಹೆಸರೇ ಕಾರ್ಯಾಗಾರವೊಂದು ಇದ್ದುದನ್ನೂ ಅಲ್ಲಿ ಕಲಿಯುವ ಕೈಗಳು ಇದ್ದುದನ್ನೂ ಸೂಚಿಸುತ್ತದೆ. ಹೊಯ್ಸಳ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠೆ ಮಾಡಿಸಿದ ಚೆನ್ನಕೇಶವ ದೇವಾಲಯದ ಸೂರಿನಡಿಯ ಮದನಿಕೆಗಳಲ್ಲಿ ಕೆಲವುಗಳ ಪೀಠದ ಮೇಲೆ ಕೆತ್ತಿದವರ ಹೆಸರುಗಳಿವೆ. ಬಳ್ಳಿಗ್ರಾಮದ ದಾಸೋಜನ ಹೆಸರು ನಾಲ್ಕು ವಿಗ್ರಹಗಳಿಗೂ ಚಾವಣನ ಹೆಸರು ಐದಕ್ಕೂ ಸಲ್ಲುತ್ತದೆ ಎಂದು ವಿದ್ವಾಂಸರು ಎಣಿಸಿದ್ದಾರೆ. ಈ ಬರಹಗಳು ಬರಿಯ ಗುರುತಿನ ಚೀಟಿಗಳಲ್ಲ: ಬಿರುದು ಹೊತ್ತ ಇತರ ರೂವಾರಿಗಳೆಂಬ ಮನ್ಮಥರಿಗೆ ತಾನು ಶಿವನೆಂಬ ಅರ್ಥದ ಬಿರುದನ್ನು ಚಾವಣ ಧರಿಸಿದ್ದನು. ಕೈಗೆಲಸದವರಿಗೆ ಹೆಸರಿರಲಿಲ್ಲ, ಹೆಮ್ಮೆಯಿರಲಿಲ್ಲ ಎಂದು ಭಾರತೀಯ ಕಲೆಯ ಬಗ್ಗೆ ಸಲೀಸಾಗಿ ಹೇಳುವ ಮಾತಿಗೆ ಇದಕ್ಕಿಂತ ನೇರವಾದ ಉತ್ತರ ಬೇಕಿಲ್ಲ. ಸ್ವಂತ ಊರನ್ನು ಬಿಟ್ಟು ಹೊಯ್ಸಳರ ನಾಡಿಗೆ ಬಂದು ದುಡಿದ ತಂದೆಮಗ ತಮ್ಮ ಹೆಸರಿನ ಜೊತೆಗೆ ಊರಿನ ಹೆಸರನ್ನೂ ಕೊರೆದಿಟ್ಟದ್ದರಿಂದಲೇ ಬಳ್ಳಿಗಾವೆಯ ಶಿಲ್ಪಶಾಲೆ ಚರಿತ್ರೆಗೆ ದಕ್ಕಿದೆ.

ಆ ಊರಿನ ಬಳಗ ಎಂಥದ್ದಾಗಿತ್ತು ಎಂಬುದಕ್ಕೆ ಕೇದಾರೇಶ್ವರ ದೇವಾಲಯಕ್ಕೆ ಸೇರಿದ ಕೋಡಿಯ ಮಠದ ಶಾಸನಗಳು ಸಾಕ್ಷಿ. ಮಠದ ಆಚಾರ್ಯರು ಕಾಳಾಮುಖರು, ಎಂದರೆ ಲಕುಲೀಶನನ್ನು ಮೂಲಗುರುವಾಗಿ ಕಂಡ ಪಾಶುಪತ ಶೈವರ ಒಂದು ಶಾಖೆಯವರು. ಕೇದಾರಶಕ್ತಿ, ಶ್ರೀಕಂಠ, ಸೋಮೇಶ್ವರ, ಗೌತಮ, ವಾಮಶಕ್ತಿ ಮುಂತಾದ ಗುರುಗಳ ಪರಂಪರೆ ಶಾಸನಗಳಲ್ಲಿ ದೊರೆಯುತ್ತದೆ. ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವೊಂದು ಈ ಮಠವನ್ನು ವರ್ಣಿಸುವ ರೀತಿ ಕನ್ನಡ ನಾಡಿನ ಶಾಸನಗಳಲ್ಲೇ ಅಪೂರ್ವವಾದದ್ದು. ನಾಲ್ಕು ವೇದಗಳನ್ನೂ ಅವುಗಳ ಅಂಗಗಳನ್ನೂ ಓದುವ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳನ್ನು ಹೇಳಿಕೊಡುವ, ಆರು ದರ್ಶನಗಳನ್ನೂ ಯೋಗಶಾಸ್ತ್ರವನ್ನೂ ಪುರಾಣಗಳನ್ನೂ ವಿವರಿಸುವ, ಕಾವ್ಯ ನಾಟಕಗಳನ್ನು ಅಭ್ಯಾಸ ಮಾಡುವ ಸ್ಥಾನವೆಂದು ಮೊದಲು ಹೇಳಿ, ಅಷ್ಟಕ್ಕೇ ನಿಲ್ಲದೆ, ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಕಥೆ ಹೇಳುವವರು, ಹಾಡುವವರು, ವಾದ್ಯ ನುಡಿಸುವವರು, ಕುಣಿಯುವವರು, ಜೈನ ಸನ್ಯಾಸಿಗಳು, ನಗ್ನ ಭಿಕ್ಷುಕರು, ಏಕದಂಡಿ ತ್ರಿದಂಡಿ ಸನ್ಯಾಸಿಗಳು ಎಲ್ಲರಿಗೂ ಅಲ್ಲಿ ಅನ್ನ ದೊರೆಯುತ್ತದೆಂದೂ, ರೋಗಿಗಳಿಗೆ ಔಷಧ ಸಿಗುತ್ತದೆಂದೂ, ಎಲ್ಲ ಜೀವಿಗಳಿಗೂ ಅದು ಅಭಯದ ತಾಣವೆಂದೂ ಶಾಸನ ಸಾರುತ್ತದೆ. ಇದು ದಾನದ ಸಂದರ್ಭದ ಪ್ರಶಂಸೆಯೆಂಬುದು ನಿಜ, ಅದರಲ್ಲಿ ಉತ್ಪ್ರೇಕ್ಷೆಯೂ ಇದ್ದೀತು. ಆದರೆ ಯಾರು ಯಾರು ಅಂಗಳಕ್ಕೆ ಬಂದು ಕೂರುತ್ತಿದ್ದರು ಎಂದು ಒಬ್ಬೊಬ್ಬರನ್ನೂ ಹೆಸರಿಸುವ ಈ ಸಾಲು, ಬಳಗವೊಂದರ ಗುಂಪು ಚಿತ್ರಕ್ಕೆ ಅತ್ಯಂತ ಹತ್ತಿರದ ವಸ್ತುವಾಗಿದೆ.

ಆ ಪಟ್ಟಿಯಲ್ಲಿ ವಾದ್ಯ ನುಡಿಸುವವರೂ ಇರುವುದು ಗಮನಾರ್ಹ. ಕವಿ ಹರಿಹರನ ರಗಳೆಯ ಪ್ರಕಾರ ಅಲ್ಲಮನು ಬಳ್ಳಿಗಾವೆಯ ದೇಗುಲದಲ್ಲಿ ಮದ್ದಳೆ ನುಡಿಸುತ್ತಿದ್ದವನು. ತಾನು ಒಲಿದಿದ್ದ ಕಾಮಲತೆ ತೀರಿಹೋದ ಮೇಲೆ ವಿರಹದಲ್ಲಿ ಅಲೆದು ಒಂದೆಡೆ ಕುಳಿತಿದ್ದಾಗ ಕಾಲಿನ ಉಗುರಿನಿಂದ ನೆಲ ಕೆದಕುತ್ತಾನೆ. ಮಣ್ಣಿನಡಿಯಿಂದ ಹೂತುಹೋದ ಗುಡಿಯೊಂದರ ಕಳಸ ಕಾಣಿಸುತ್ತದೆ. ಅಗೆಸಿ ಒಳಹೊಕ್ಕಾಗ ಅನಿಮಿಷಯ್ಯನೆಂಬ ಯೋಗಿಯಿಂದ ಲಿಂಗ ದೊರೆಯುತ್ತದೆ. 15ನೆಯ ಶತಮಾನದ ಚಾಮರಸನ ಪ್ರಭುಲಿಂಗಲೀಲೆಯಲ್ಲಿ ಕಥೆ ಬೇರೆ ರೂಪ ತಳೆದು, ಅಲ್ಲಮ ಮೊದಲಿನಿಂದಲೇ ಮಾಯೆಯನ್ನು ಗೆದ್ದವನಾಗುತ್ತಾನೆ. ಇದೇ ಶಿಕಾರಿಪುರ ತಾಲ್ಲೂಕಿನ ಉಡುತಡಿ ವಚನಕಾರ್ತಿ ಅಕ್ಕಮಹಾದೇವಿಯ ಊರು, ಹಿರೇಜಂಬೂರು ಸತ್ಯಕ್ಕನ ಊರು. ಜಾತಿ, ಗುಡಿ, ಗಂಡುಹೆಣ್ಣಿನ ಭೇದ ಇವುಗಳನ್ನು ನೇರವಾಗಿ ಪ್ರಶ್ನಿಸಿದ ಶರಣರಲ್ಲಿ ಇಷ್ಟು ಮುಖ್ಯರಾದವರು ಕೆಲವೇ ಹರದಾರಿಗಳ ಒಳಗೆ ಹುಟ್ಟಿ ಬೆಳೆದದ್ದನ್ನು ಆಕಸ್ಮಿಕವೆಂದು ತಳ್ಳಿಹಾಕುವುದು ಕಷ್ಟ. ಶೈವ, ವೈಷ್ಣವ, ಜೈನ, ಬೌದ್ಧ ನೆಲೆಗಳೆಲ್ಲ ಒಂದೇ ಪಟ್ಟಣದಲ್ಲಿದ್ದು, 1065ರಲ್ಲಿ ಚಾಲುಕ್ಯ ದಂಡನಾಯಕ ರೂಪಭಟ್ಟಯ್ಯನು ಜಯಂತಿ ಬೌದ್ಧ ವಿಹಾರವನ್ನು ಕಟ್ಟಿಸಿದ ಊರಿನಲ್ಲಿ ವಾದ ಮಾಡದೆ ಬೆಳೆಯುವುದು ಅಸಾಧ್ಯವಾಗಿತ್ತು.

ಈ ನೆಲಕ್ಕೆ ಛಾಯಾಚಿತ್ರ ಕಲೆ ಕಾಲಿಟ್ಟದ್ದು ಈಸ್ಟ್ ಇಂಡಿಯಾ ಕಂಪನಿಯ ಸೈನಿಕರು ಮತ್ತು ವೈದ್ಯರ ಮೂಲಕ. 1839ರಲ್ಲಿ ಯೂರೋಪಿನಲ್ಲಿ ಪ್ರಕಟವಾದ ಈ ವಿದ್ಯೆಯನ್ನು ಪ್ರಾಚೀನ ಕಟ್ಟಡಗಳ ದಾಖಲೆಗೆ ಬಳಸಬೇಕೆಂಬ ಉದ್ದೇಶದಿಂದ ಮುಂಬಯಿ ಸರ್ಕಾರ 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಫಿರಂಗಿ ದಳದ ಅಧಿಕಾರಿಯನ್ನು ನೇಮಿಸಿತು. ಅವನು ಸೈನ್ಯದ ಕೆಲಸಕ್ಕೆ ಮರಳಿದ ಮೇಲೆ ವೈದ್ಯ ವಿಲಿಯಂ ಹೆನ್ರಿ ಪಿಗೌ, ಅವನ ಬಳಿಕ ಎ. ಸಿ. ಬಿ. ನೀಲ್ ಧಾರವಾಡ ಮತ್ತು ಮೈಸೂರು ಪ್ರದೇಶಗಳಲ್ಲಿ ಕೆಲಸ ಮುಂದುವರಿಸಿದರು. ಈ ಮೂವರ ಚಿತ್ರಗಳಿಗೆ ಮೆಡೋಸ್ ಟೇಲರ್ ಮತ್ತು ಜೇಮ್ಸ್ ಫರ್ಗುಸನ್ ವಿವರಣೆ ಬರೆದ ದೊಡ್ಡ ಗ್ರಂಥ 1866ರಲ್ಲಿ ಲಂಡನ್ನಿನಿಂದ ಹೊರಬಂದಿತು. ಆಗಿನ ವಿಧಾನಗಳು ಎರಡು. ಮೇಣ ಹಚ್ಚಿದ ಕಾಗದದ ನೆಗೆಟಿವ್ ಅನ್ನು ಮೊದಲೇ ಸಿದ್ಧಮಾಡಿ ಒಯ್ಯಬಹುದಾಗಿದ್ದರಿಂದ ಪಯಣಿಗರಿಗೆ ಅನುಕೂಲವಾಗಿತ್ತು, ಆದರೆ ಬೆಳಕು ತಾಕಿಸಬೇಕಾದ ಹೊತ್ತು ನಿಮಿಷಗಟ್ಟಲೆ. 1851ರಲ್ಲಿ ಬಂದ ಒದ್ದೆ ಗಾಜಿನ ವಿಧಾನದಲ್ಲಿ ಚಿತ್ರ ಹರಿತವಾಗಿ ಮೂಡುತ್ತಿತ್ತು, ಆದರೆ ಗಾಜಿಗೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಹೊಯ್ದು, ಬೆಳ್ಳಿಯ ಲವಣದ ದ್ರಾವಣದಲ್ಲಿ ಅದ್ದಿ, ಆರುವುದರೊಳಗೆ ಚಿತ್ರ ತೆಗೆದು, ಕೂಡಲೇ ಕತ್ತಲೆಯ ಡೇರೆಯಲ್ಲಿ ತೊಳೆಯಬೇಕಾಗಿತ್ತು. ಮಲೆನಾಡಿನ ಅಂಚಿನ ಬಿಸಿಲಿನಲ್ಲಿ, ಎತ್ತಿನ ಗಾಡಿಯಲ್ಲಿ ಗಾಜು ಮತ್ತು ರಾಸಾಯನಿಕಗಳನ್ನು ಹೊತ್ತು ಮಾಡುವ ಈ ಕೆಲಸದಲ್ಲಿ ಚಲಿಸುವ ಮನುಷ್ಯನನ್ನು ಹಿಡಿಯುವುದು ಬಹುಮಟ್ಟಿಗೆ ಅಸಾಧ್ಯವಾಗಿತ್ತು. ಕಂಬದ ಪಕ್ಕದಲ್ಲಿ ಅಳತೆಗೋಲಿನಂತೆ ನಿಲ್ಲಿಸಿದ ಆಳೊಬ್ಬ ಅಲುಗಿದರೆ ಮುಖ ಮಸುಕಾಗುತ್ತಿತ್ತು, ಕಲ್ಲು ಮಾತ್ರ ಸ್ಪಷ್ಟವಾಗಿ ಉಳಿಯುತ್ತಿತ್ತು.

ಬಳ್ಳಿಗಾವೆಯ ಮಟ್ಟಿಗೆ ನಿರ್ಣಾಯಕವಾದದ್ದು ಗುಡಿಗಳ ಚಿತ್ರಗಳಿಗಿಂತ ಶಾಸನಗಳ ಚಿತ್ರಗಳು. 1865ರಲ್ಲಿ ಮೇಜರ್ ಡಿಕ್ಸನ್ ಮೈಸೂರು ಸರ್ಕಾರದ ಪರವಾಗಿ ಚಿತ್ರದುರ್ಗ, ಹರಿಹರ, ಬಳ್ಳಿಗಾವೆ ಮೊದಲಾದ ಕಡೆಗಳ ಸುಮಾರು 150 ಶಾಸನಗಳ ಛಾಯಾಚಿತ್ರಗಳನ್ನು ತೆಗೆದನು. ಮರುವರ್ಷವೇ ಪಿಗೌ ಮತ್ತು ಬಿಗ್ಸ್ ತೆಗೆದಿದ್ದ ಧಾರವಾಡ ಮೈಸೂರು ಸೀಮೆಯ ಶಾಸನಚಿತ್ರಗಳನ್ನು ಥಿಯೊಡರ್ ಹೋಪ್ ಸಂಪಾದಿಸಿದನು. ಇವೆರಡೂ ಸಂಗ್ರಹಗಳಿಂದ ಆಯ್ದವನ್ನು ಜೆ. ಎಫ್. ಫ್ಲೀಟ್ 1878ರಲ್ಲಿ ಪಾಳಿ, ಸಂಸ್ಕೃತ ಮತ್ತು ಹಳಗನ್ನಡ ಶಾಸನಗಳ ಸಂಪುಟದಲ್ಲಿ ಬಳಸಿಕೊಂಡನು. ಡಿಕ್ಸನ್ನನ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ ಮಾಡಿದ ಅನುವಾದಗಳ ಸಂಪುಟ 1879ರಲ್ಲಿ ಪ್ರಕಟವಾಯಿತು. ಎಪಿಗ್ರಾಫಿಯಾ ಕರ್ನಾಟಿಕ ಎಂಬ ಶಾಸನಸಂಪುಟಗಳ ಮಾಲೆ ಶುರುವಾಗುವುದಕ್ಕೆ ಮೊದಲಿನ ಈ ಕೆಲಸ, ಕನ್ನಡ ಶಾಸನಶಾಸ್ತ್ರ ಛಾಯಾಚಿತ್ರದ ಮಡಿಲಲ್ಲಿ ಹುಟ್ಟಿತೆಂದು ಹೇಳಲು ಸಾಕಾದ ಆಧಾರ. ಕೋಡಿಯ ಮಠದ ಅಂಗಳದಲ್ಲಿ ಸಾಲಾಗಿ ಕೂತು ಉಂಡವರ ಪಟ್ಟಿ ಹೊರಲೋಕಕ್ಕೆ ತಿಳಿದದ್ದು ಈ ದಾರಿಯಿಂದ.

ಆದರೆ ಶಾಸನದ ಛಾಯಾಚಿತ್ರಕ್ಕೆ ತನ್ನದೇ ಮಿತಿಯಿತ್ತು. ಸವೆದ ಕಲ್ಲಿನ ಅಕ್ಷರಗಳು ನೇರ ಬೆಳಕಿನಲ್ಲಿ ಕಾಣುವುದಿಲ್ಲ. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲು ಬೇಕು, ಆಗ ಅಕ್ಷರದ ಒಂದು ಅಂಚು ಬೆಳಗಿ ಇನ್ನೊಂದು ಅಂಚು ನೆರಳಾಗುತ್ತದೆ. ಅದಕ್ಕೆ ಕಾಯಲಾರದವರು ಅಕ್ಷರಗಳ ಗುಳಿಗೆ ಸುಣ್ಣವನ್ನೋ ಬಿಳಿಬಣ್ಣವನ್ನೋ ತುಂಬಿ ಚಿತ್ರ ತೆಗೆಯುವ ರೂಢಿ ಬಂತು. ತುಂಬುವವನು ತಪ್ಪು ಓದಿದರೆ ಚಿತ್ರವೂ ತಪ್ಪನ್ನೇ ತೋರಿಸುತ್ತದೆ, ಅದೂ ಕ್ಯಾಮೆರಾದ ಪ್ರಾಮಾಣ್ಯದೊಡನೆ. ಈ ಕಾರಣದಿಂದ ಶಾಸನತಜ್ಞರು ಅಚ್ಚೊತ್ತುವ ವಿಧಾನವನ್ನು ನೆಚ್ಚಿಕೊಂಡರು: ಒದ್ದೆ ಕಾಗದವನ್ನು ಕಲ್ಲಿಗೆ ಹಚ್ಚಿ, ಕುಂಚದಿಂದ ಬಡಿದು ಗುಳಿಗಳಿಗೆ ಇಳಿಸಿ, ಮೇಲೆ ಶಾಯಿಯ ಚೆಂಡನ್ನು ಒತ್ತಿದರೆ ಕಪ್ಪು ನೆಲದ ಮೇಲೆ ಬಿಳಿಯ ಅಕ್ಷರಗಳು ನಿಲ್ಲುತ್ತವೆ. ಶಿಕಾರಿಪುರ ತಾಲ್ಲೂಕಿನ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕದ 7ನೆಯ ಸಂಪುಟದಲ್ಲಿ 1902ರಲ್ಲೂ ಸೊರಬದವು 8ನೆಯ ಸಂಪುಟದಲ್ಲಿ 1904ರಲ್ಲೂ ಹೊರಬಂದವು. ಬಳ್ಳಿಗಾವೆಗೆ ಹತ್ತಿರದ ತಾಳಗುಂದದ ಕದಂಬ ಸ್ತಂಭಶಾಸನವನ್ನು ರೈಸ್ 1894ರಲ್ಲಿ ಬೆಳಕಿಗೆ ತಂದನು. ಅದನ್ನು ರಚಿಸಿದ ಕವಿ ಕುಬ್ಜನು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿರುವುದು ದಾಸೋಜ ಚಾವಣರ ಸಹಿಗಳಿಗಿಂತ ಶತಮಾನಗಳಷ್ಟು ಹಿಂದಿನ ಮಾತು. ಕಲ್ಲಿನ ಮುಂದೆ ಕೂತ ಕೈಯ ನೆನಪು ಈ ಸೀಮೆಯಲ್ಲಿ ಅಷ್ಟು ಹಳೆಯದು.

ಹೆಸರನ್ನೂ ಶಿಲ್ಪವನ್ನೂ ಒಂದೇ ಪುಸ್ತಕದಲ್ಲಿ ಕೂಡಿಸಿದ ಕೀರ್ತಿ ಆರ್. ನರಸಿಂಹಾಚಾರ್ಯರಿಗೆ ಸಲ್ಲಬೇಕು. 1906ರಿಂದ 1922ರವರೆಗೆ ಮೈಸೂರು ಪುರಾತತ್ವ ಇಲಾಖೆಯ ಮುಖ್ಯರಾಗಿದ್ದ ಅವರು ವಾರ್ಷಿಕ ವರದಿಗಳಲ್ಲಿ ಛಾಯಾಚಿತ್ರದ ಫಲಕಗಳನ್ನು ಕ್ರಮವಾಗಿ ಸೇರಿಸಿದರು. 1919ರಲ್ಲಿ ಬೇಲೂರಿನ ಕೇಶವ ದೇವಾಲಯದ ಬಗ್ಗೆ ಪ್ರಕಟಿಸಿದ ಪುಸ್ತಕದಲ್ಲಿ ಚಿತ್ರಗಳೊಡನೆ ಶಿಲ್ಪಿಗಳ ಸಹಿಗಳನ್ನೂ ಬಿರುದುಗಳನ್ನೂ ಪಟ್ಟಿ ಮಾಡಿದರು. ಅಲ್ಲಿಯವರೆಗೆ ಬೇಲೂರಿನ ಮದನಿಕೆಯರನ್ನು ನೋಡಿದವರು ಹೊಯ್ಸಳ ಶಿಲ್ಪವೆಂದು ಹೇಳುತ್ತಿದ್ದರೇ ಹೊರತು ಇದು ಇಂಥವನ ಕೆಲಸವೆಂದು ಹೇಳುವಂತಿರಲಿಲ್ಲ. ಚಿತ್ರಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಸಾಧ್ಯವಾದ ಮೇಲೆ ಒಬ್ಬೊಬ್ಬ ರೂವಾರಿಯ ಕೈಚಳಕವನ್ನು, ಮೈಯ ಬಾಗು, ಆಭರಣದ ಒತ್ತು, ಮೇಲೆ ಬಾಗಿದ ಎಲೆಬಳ್ಳಿಯ ಆಳ ಇವುಗಳಿಂದ ಗುರುತಿಸುವ ಅಭ್ಯಾಸಕ್ಕೆ ದಾರಿಯಾಯಿತು. ಎತ್ತರದ ಗೋಡೆಯ ಸೂರಿನಲ್ಲಿ ಓರೆಯಾಗಿ ನಿಲ್ಲಿಸಿದ ವಿಗ್ರಹದ ಪೀಠದಲ್ಲಿರುವ ಅಕ್ಷರಗಳನ್ನು ನೆಲದಲ್ಲಿ ನಿಂತ ಭಕ್ತ ಎಂದೂ ಓದಲಾರನು ಎಂಬುದನ್ನು ನೆನೆದರೆ ಈ ಪುಸ್ತಕದ ಬೆಲೆ ತಿಳಿಯುತ್ತದೆ.

ಬಳ್ಳಿಗಾವೆಯಲ್ಲೇ ಉಳಿದಿರುವ ಕೆಲಸಗಳಲ್ಲಿ ಕ್ಯಾಮೆರಾವನ್ನು ಹೆಚ್ಚು ಸೆಳೆದದ್ದು ಮೂರು. ಮಹಾಮಂಡಲೇಶ್ವರ ಚಾವುಂಡರಾಯನು 1047ರಲ್ಲಿ ನಿಲ್ಲಿಸಿದ ಭೇರುಂಡೇಶ್ವರ ಸ್ತಂಭದ ತುದಿಯ ಗಂಡಭೇರುಂಡವು ಮನುಷ್ಯ ದೇಹಕ್ಕೆ ಎರಡು ಹಕ್ಕಿತಲೆಗಳುಳ್ಳ ರೂಪ. ಇದೇ ಹಕ್ಕಿ ಮುಂದೆ ಮೈಸೂರು ಅರಸರ, ಅನಂತರ ಕರ್ನಾಟಕ ರಾಜ್ಯದ ಲಾಂಛನವಾದುದರಿಂದ ಇದರ ಚಿತ್ರಗಳಿಗೆ ರಾಜಕೀಯ ಮಹತ್ವವೂ ಬಂತು. ಮೂರು ಗರ್ಭಗುಡಿಗಳ ಕೇದಾರೇಶ್ವರ ದೇವಾಲಯದ ಒಳಗೆ ತಿರುಗಣೆಯಲ್ಲಿ ಕಡೆದ ಬಳಪದ ಕಲ್ಲಿನ ಕಂಬಗಳಿವೆ. ಅವುಗಳ ಹೊಳಪಿನ ಬಳೆಗಳ ಮೇಲೆ ಬಾಗಿಲಿನ ಬೆಳಕು ಉದ್ದನೆಯ ಬಿಳಿಗೆರೆಯಾಗಿ ಬೀಳುತ್ತದೆ. ಕಂಬಕ್ಕೆ ಸರಿಯಾಗಿ ಬೆಳಕನ್ನು ಅಳೆದರೆ ಹಿಂದಿನ ಗೋಡೆ ಕತ್ತಲಾಗುತ್ತದೆ, ಗೋಡೆಗೆ ಅಳೆದರೆ ಕಂಬ ಕರಗಿಹೋಗುತ್ತದೆ. ಸುಮಾರು 1070ರ ತ್ರಿಪುರಾಂತಕ ದೇವಾಲಯದ ಜಾಲಂಧ್ರಗಳು, ಎಂದರೆ ಬೆಳಕು ಸೋಸುವ ತೂತುಕಲ್ಲಿನ ತೆರೆಗಳು, ಮತ್ತು ಪಂಚತಂತ್ರದ ಕಥೆಗಳ ಪಟ್ಟಿಕೆಗಳು ಬೇರೆ ಬಗೆಯ ತಾಳ್ಮೆಯನ್ನು ಬೇಡುತ್ತವೆ. ಎಂ. ಎ. ಢಾಕಿ ಅವರ ಹಿರಿತನದಲ್ಲಿ ಅಮೆರಿಕನ್ ಇನ್‌ಸ್ಟಿಟ್ಯೂಟ್ ಆಫ್ ಇಂಡಿಯನ್ ಸ್ಟಡೀಸ್ ಹೊರತಂದ ದೇವಾಲಯ ವಾಸ್ತುಕೋಶ ಮತ್ತು ಗೆರಾರ್ಡ್ ಫೂಕೆಮಾ ಅವರ ಹೊಯ್ಸಳ ದೇವಾಲಯಗಳ ಅಧ್ಯಯನಗಳು ಈ ಸೀಮೆಯ ಗುಡಿಗಳನ್ನು ಸಂಯಮದಿಂದ ತೆಗೆದ ಚಿತ್ರಗಳೊಡನೆ ವಿಶ್ಲೇಷಿಸಿದವು. ಸೊರಬ ತಾಲ್ಲೂಕಿನಲ್ಲಿ ಆನವಟ್ಟಿಯ ಬಳಿ ಇರುವ ಕುಬಟೂರಿನ ಕೈಟಭೇಶ್ವರ ದೇವಾಲಯ ಅದೇ ಸಂಪ್ರದಾಯದ ಸೋದರ ಕೃತಿ; ಪ್ರವಾಸಿಗಳ ಕಣ್ಣಿಗೆ ಕಡಿಮೆ ಬಿದ್ದಿದ್ದರೂ ಅದರ ತೆರೆದ ಮಂಟಪದ ಕಂಬಸಾಲು ಬೆಳಗಿನ ಬೆಳಕಿನಲ್ಲಿ ಬಳ್ಳಿಗಾವೆಯ ಯಾವ ಗುಡಿಗೂ ಕಡಿಮೆಯದಲ್ಲ.

ಜೀವಂತ ಕಾರ್ಯಾಗಾರವನ್ನು ಹುಡುಕುವ ಕ್ಯಾಮೆರಾಗೆ ದಾರಿ ಸೊರಬ ಮತ್ತು ಸಾಗರಗಳ ಗುಡಿಗಾರರ ಮನೆಗಳತ್ತ ತಿರುಗುತ್ತದೆ. ಶ್ರೀಗಂಧ ಮತ್ತು ದಂತದ ಕೆತ್ತನೆ, ಬೆಂಡಿನ ಬಾಸಿಂಗದ ಕೆಲಸ ಇವುಗಳನ್ನು ವಂಶಪಾರಂಪರ್ಯವಾಗಿ ಮಾಡಿಕೊಂಡು ಬಂದ ಈ ಸಮುದಾಯದ ಸೂಕ್ಷ್ಮ ಕೈಚಳಕವನ್ನು 19ನೆಯ ಶತಮಾನದ ಮೈಸೂರು ಗೆಜೆಟಿಯರ್ ಹೊಗಳಿದೆ. ಗಂಧದ ತುಂಡನ್ನು ಅಳತೆಗೆ ಕೊಯ್ದು, ಕೀಸಿ ನುಣುಪು ಮಾಡಿ, ಮೇಲೆ ವಿನ್ಯಾಸವನ್ನು ಗೀಚಿ, ಮೊದಲು ಹೊರಗೆರೆಯನ್ನು ಸಣ್ಣ ಉಳಿಯಿಂದ ಕೊರೆದು, ಆಮೇಲೆ ನೆಲವನ್ನು ತಗ್ಗಿಸುತ್ತ ಬಳ್ಳಿ, ಹಕ್ಕಿ, ದೇವತೆಗಳನ್ನು ಎತ್ತಿ ನಿಲ್ಲಿಸುವ ಈ ಕೆಲಸದಲ್ಲಿ ಉಗುರಿನಷ್ಟು ಜಾಗಕ್ಕೆ ಗಂಟೆಗಳು ಹಿಡಿಯುತ್ತವೆ. ಕಡೆದ ಪುಡಿಯೂ ಸುವಾಸನೆಯ ಸರಕು, ಅದನ್ನು ಗುಡಿಸಿ ಕೂಡಿಡುತ್ತಾರೆ. ಬ್ರಿಟಿಷರ ಕಾಲದ ಪ್ರದರ್ಶನಗಳಲ್ಲಿ ಮೈಸೂರಿನ ಗಂಧದ ಪೆಟ್ಟಿಗೆ, ಕರಂಡಕಗಳಿಗೆ ದೊಡ್ಡ ಹೆಸರು ಬಂದಿತ್ತು. 1902–03ರ ದೆಹಲಿ ಪ್ರದರ್ಶನದ ಕಲಾವಸ್ತುಗಳನ್ನು ಜಾರ್ಜ್ ವ್ಯಾಟ್ ಛಾಯಾಚಿತ್ರ ಫಲಕಗಳುಳ್ಳ ಸಂಪುಟದಲ್ಲಿ ವಿವರಿಸಿದನು. ಇಂಥ ಸಂಪುಟಗಳ ಫಲಕಗಳಲ್ಲಿ ಖಾಲಿ ಹಿನ್ನೆಲೆಯ ಮುಂದೆ ಪೆಟ್ಟಿಗೆ ಇರುತ್ತದೆ, ಅದನ್ನು ಕಡೆದವನು ಇರುವುದಿಲ್ಲ. ಇದು ಆ ಕಾಲದ ದಾಖಲೆಯ ದೊಡ್ಡ ಕೊರತೆ. ವಸ್ತುವಿನ ಮಾದರಿ ಮಾರುಕಟ್ಟೆಗೆ ಬೇಕಾಗಿತ್ತು. ಮಣೆಯ ಮೇಲೆ ಕೂತು ಕಾಲ್ಬೆರಳಿನಿಂದ ತುಂಡನ್ನು ಒತ್ತಿಹಿಡಿದು ಉಳಿ ಆಡಿಸುವ ಮನುಷ್ಯ ಬೇಕಾಗಿರಲಿಲ್ಲ.

ಸಣ್ಣ ಕ್ಯಾಮೆರಾ ಮತ್ತು ವೇಗದ ಫಿಲ್ಮುಗಳು ಬಂದ ಮೇಲೆ ಈ ಸ್ಥಿತಿ ಬದಲಾಯಿತು. ಕಿಟಕಿಯ ಒಂದೇ ಬೆಳಕಿನಲ್ಲಿ, ಸೆಕೆಂಡಿನ ನೂರರಲ್ಲಿ ಒಂದು ಭಾಗದಲ್ಲಿ, ಅಲುಗುವ ಕೈಯನ್ನು ಹಿಡಿಯುವುದು ಸಾಧ್ಯವಾದಾಗ ಗುಡಿಗಾರನ ಮನೆಯ ಜಗಲಿ, ಸಾಲಾಗಿ ಚುಚ್ಚಿಟ್ಟ ಉಳಿಗಳು, ಪಕ್ಕದಲ್ಲಿ ನೋಡುತ್ತ ಕಲಿಯುವ ಮಗ ಚಿತ್ರದ ಚೌಕಟ್ಟಿನೊಳಗೆ ಬಂದರು. ದಾಸೋಜನ ಪಕ್ಕದಲ್ಲಿ ಚಾವಣ ಕೂತಿದ್ದ ಬಗೆಯನ್ನು ಕಲ್ಪಿಸಿಕೊಳ್ಳಲು ಬಳ್ಳಿಗಾವೆಯ ಯಾವ ಫಲಕಕ್ಕಿಂತಲೂ ಈ ಚಿತ್ರಗಳು ಹೆಚ್ಚು ನೆರವಾಗುತ್ತವೆ. ಮಾಧ್ಯಮ ಕಲ್ಲಿನಿಂದ ಮರಕ್ಕೆ ಬದಲಾಗಿದ್ದರೂ ಎಲೆಬಳ್ಳಿಯ ಸುರುಳಿಯೊಳಗೆ ಹಕ್ಕಿಯನ್ನು ಕೂರಿಸುವ ಕ್ರಮ, ತಂದೆಯ ಕೈಯಿಂದ ಮಗನ ಕೈಗೆ ಉಳಿ ದಾಟುವ ಕ್ರಮ ಎರಡೂ ಇಲ್ಲಿ ಕಾಣುತ್ತವೆ.